ವಿಂಡೋಸ್ 11 ಲಾಗಿನ್: ಬೀಗ ಬಿಗಿ ಮಾಡುವ ಮುನ್ನ ಇನ್ನೊಂದು ಕೀಲಿ

ಮನೆಯ ಕಂಪ್ಯೂಟರಿಗೆ ಭದ್ರತೆ ಹೆಚ್ಚಿಸಲು ಹೊರಟವರು ಸಾಮಾನ್ಯವಾಗಿ ಪಾಸ್‌ವರ್ಡ್ ಬದಲಿಸುವುದರಿಂದ ಶುರು ಮಾಡುತ್ತಾರೆ. ಅದು ತಿರುವುಮುರುವಾದ ಕ್ರಮ. ಒಳಗೆ ಬರಲು ಎರಡನೇ ದಾರಿ ಮೊದಲು ಸಿದ್ಧವಾಗಬೇಕು, ಬೀಗ ಆಮೇಲೆ. ಇಲ್ಲದಿದ್ದರೆ ಮೊದಲು ಹೊರಗುಳಿಯುವವರು ಮನೆಯವರೇ. ಇಲ್ಲಿ ಹೇಳಿರುವುದು ವಿಂಡೋಸ್ 11ರ ಹೋಮ್ ಆವೃತ್ತಿಗೆ. ಪ್ರೊ ಆವೃತ್ತಿಯಲ್ಲೂ ಬಹುತೇಕ ಇದೇ ದಾರಿ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಅದರಲ್ಲಿ ಲಾಗಿನ್ ಎಷ್ಟು ಬಿಗಿ ಮಾಡಿದರೂ ಅಡಿಪಾಯ ಹಳೆಯದೇ.

ಎರಡು ಖಾತೆ

ವಿಂಡೋಸ್ ಹಾಕುವಾಗ ತಯಾರಾಗುವ ಮೊದಲ ಖಾತೆ ಅಡ್ಮಿನಿಸ್ಟ್ರೇಟರ್ (ಅಡ್ಮಿನ್), ಅಂದರೆ ಯಂತ್ರದಲ್ಲಿ ಏನನ್ನು ಬೇಕಾದರೂ ಬದಲಿಸುವ ಅಧಿಕಾರವಿರುವ ಖಾತೆ ಆಗಿರುತ್ತದೆ. ದಿನದ ಕೆಲಸವೂ ಅದರಲ್ಲೇ ನಡೆದರೆ, ಯಾವುದೋ ಪ್ರೋಗ್ರಾಂ ಅನುಮತಿ ಕೇಳಿದಾಗ ‘ಯೆಸ್’ ಒತ್ತಿದರೆ ಮುಗಿಯಿತು, ಇಡೀ ಯಂತ್ರ ಅದರ ಕೈಗೆ. ಅಧಿಕಾರ ಕಡಿಮೆಯಿರುವ ಸ್ಟ್ಯಾಂಡರ್ಡ್ ಖಾತೆಯಲ್ಲಾದರೆ ಅದೇ ಜಾಗದಲ್ಲಿ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ. ಕೈ ಒಂದು ಕ್ಷಣ ನಿಲ್ಲುತ್ತದೆ. ಆ ಒಂದು ಕ್ಷಣ ಸಿಗಲೆಂದೇ ಇಷ್ಟೆಲ್ಲ.

ವಿಂಡೋಸ್ ಕೀ ಜೊತೆ ಐ ಒತ್ತಿ ಸೆಟ್ಟಿಂಗ್ಸ್ ತೆರೆಯಿರಿ. ಅಕೌಂಟ್ಸ್, ಅದರೊಳಗೆ ಅದರ್ ಯೂಸರ್ಸ್, ಅಲ್ಲಿ ಆ್ಯಡ್ ಅಕೌಂಟ್. ಇಮೇಲ್ ಕೇಳಿದಾಗ ‘ಐ ಡೋಂಟ್ ಹ್ಯಾವ್ ದಿಸ್ ಪರ್ಸನ್ಸ್ ಸೈನ್-ಇನ್ ಇನ್ಫರ್ಮೇಷನ್’ ಒತ್ತಿ, ಮುಂದಿನ ಪುಟದಲ್ಲಿ ‘ಆ್ಯಡ್ ಎ ಯೂಸರ್ ವಿತೌಟ್ ಎ ಮೈಕ್ರೋಸಾಫ್ಟ್ ಅಕೌಂಟ್’ ಆರಿಸಿ. ಹೆಸರು, ಪಾಸ್‌ವರ್ಡ್ ಕೊಟ್ಟ ಮೇಲೆ ಮೂರು ಭದ್ರತಾ ಪ್ರಶ್ನೆಗಳು ಬರುತ್ತವೆ. ಇವಕ್ಕೆ ನಿಜವಾದ ಉತ್ತರ ಕೊಡಬೇಡಿ. ಹುಟ್ಟಿದ ಊರು, ಮೊದಲು ಸಾಕಿದ ನಾಯಿಯ ಹೆಸರು ನೆಂಟರಿಗೆಲ್ಲ ಗೊತ್ತಿರುತ್ತದೆ. ಮೂರಕ್ಕೂ ಸರಿಯುತ್ತರ ಕೊಟ್ಟವರು ಲಾಗಿನ್ ಪರದೆಯಿಂದಲೇ ಹೊಸ ಪಾಸ್‌ವರ್ಡ್ ಇಡಬಹುದು. ಸಂಬಂಧವಿಲ್ಲದ ಪದಗಳನ್ನು ಕೊಟ್ಟು ಕಾಗದದಲ್ಲಿ ಬರೆದಿಡಿ.

ಇನ್ನು ಪಟ್ಟಿಯಲ್ಲಿ ಆ ಹೊಸ ಖಾತೆಯನ್ನು ತೆರೆದು, ಚೇಂಜ್ ಅಕೌಂಟ್ ಟೈಪ್ ಒತ್ತಿ ಅಡ್ಮಿನಿಸ್ಟ್ರೇಟರ್ ಮಾಡಿ. ಸೈನ್ ಔಟ್ ಆಗಿ ಹೊಸ ಖಾತೆಗೆ ಹೋಗಿ, ಪಾಸ್‌ವರ್ಡ್ ಕೆಲಸ ಮಾಡುತ್ತದೆಯೇ ಎಂದು ಕಣ್ಣಾರೆ ನೋಡಿ. ಅಲ್ಲಿಂದಲೇ ಹಳೆಯ ಖಾತೆಯನ್ನು ಸ್ಟ್ಯಾಂಡರ್ಡ್‌ಗೆ ಇಳಿಸಿ. ಈ ಪರೀಕ್ಷೆ ಬಿಟ್ಟು ಮುಂದೆ ಹೋದರೆ, ಹೊಸ ಪಾಸ್‌ವರ್ಡ್ ನೆನಪಿಲ್ಲದ ದಿನ ಒಂದು ಪ್ರಿಂಟರ್ ಡ್ರೈವರ್ ಹಾಕಲೂ ಆ ಯಂತ್ರದಲ್ಲಿ ಯಾರಿಗೂ ಅಧಿಕಾರ ಇರುವುದಿಲ್ಲ.

ಪಿನ್ ಚಿಕ್ಕದು, ಆದರೂ ಗಟ್ಟಿ

‘ಅಷ್ಟುದ್ದ ಪಾಸ್‌ವರ್ಡ್ ಇದ್ದೂ ಆರಂಕಿಯ ಪಿನ್ ಯಾಕೆ?’ ಎಂಬ ಸಂಶಯ ಸಹಜ. ಮೈಕ್ರೋಸಾಫ್ಟ್ ಖಾತೆಯ ಪಾಸ್‌ವರ್ಡ್ ಕದ್ದವರು ಜಗತ್ತಿನ ಯಾವ ಮೂಲೆಯಿಂದಲೂ ನಿಮ್ಮ ಮೇಲ್, ಒನ್‌ಡ್ರೈವ್ ತೆರೆಯಬಹುದು. ಪಿನ್ ಆ ಒಂದು ಯಂತ್ರಕ್ಕೆ ಮಾತ್ರ. ಅದು ನೆಟ್‌ವರ್ಕ್ ಮೇಲೆ ಹೋಗುವುದಿಲ್ಲ. ಯಂತ್ರದೊಳಗಿನ ಟಿಪಿಎಂ ಎಂಬ ಭದ್ರತಾ ಚಿಪ್ ಅದರ ಕಾವಲು ಕಾಯುತ್ತದೆ, ತಪ್ಪು ಪ್ರಯತ್ನಗಳ ಲೆಕ್ಕವನ್ನೂ ಇಡುತ್ತದೆ.

ಅಕೌಂಟ್ಸ್‌ನಲ್ಲಿ ಸೈನ್-ಇನ್ ಆಪ್ಷನ್ಸ್ ತೆರೆದು ಪಿನ್ ಆರಿಸಿ. ಕನಿಷ್ಠ 4 ಅಂಕಿ ಸಾಕು ಎನ್ನುತ್ತದೆ ವಿಂಡೋಸ್. 6ಕ್ಕಿಂತ ಕಡಿಮೆ ಇಡಬೇಡಿ. ಅಕ್ಷರ, ಚಿಹ್ನೆ ಸೇರಿಸಲು ಕೆಳಗೊಂದು ಟಿಕ್ ಬಾಕ್ಸ್ ಇದೆ. 1111, 1234ರಂಥವನ್ನು ವಿಂಡೋಸೇ ತಿರಸ್ಕರಿಸುತ್ತದೆ, ಹುಟ್ಟಿದ ವರ್ಷವನ್ನು ಮಾತ್ರ ಮರುಮಾತಿಲ್ಲದೆ ಒಪ್ಪಿಕೊಳ್ಳುತ್ತದೆ. ಮನೆಯಲ್ಲಿ ಮೊದಲು ಊಹೆಗೆ ಬರುವುದೂ ಅದೇ.

ಕೆಲವು ಸಲ ಪಿನ್ ತಪ್ಪಿದರೆ ‘ಎ1ಬಿ2ಸಿ3’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಲು ಹೇಳುತ್ತದೆ. ವೈರಸ್ ಎಂದು ಗಾಬರಿಯಾಗಬೇಕಿಲ್ಲ, ಕೀಬೋರ್ಡ್ ಮುಂದೆ ನಿಜಕ್ಕೂ ಮನುಷ್ಯರಿದ್ದಾರೆಯೇ ಎಂಬ ಪರೀಕ್ಷೆ ಅಷ್ಟೆ. ಅದನ್ನೂ ದಾಟಿ ತಪ್ಪುತ್ತಲೇ ಹೋದರೆ ಚಿಪ್ ಮುಷ್ಕರ ಹೂಡುತ್ತದೆ. ಟಿಪಿಎಂ 2.0ಕ್ಕೆ ವಿಂಡೋಸ್ ಇಟ್ಟಿರುವ ಮಿತಿ 32 ತಪ್ಪು. ಯಂತ್ರ ಆನ್ ಇದ್ದ ಪ್ರತಿ 10 ನಿಮಿಷಕ್ಕೆ ಒಂದು ತಪ್ಪು ಮಾಫಿ. ಆಗ ಆಫ್ ಮಾಡಿಟ್ಟರೆ ಪ್ರಯೋಜನವಿಲ್ಲ, ಆನ್ ಮಾಡಿಟ್ಟೇ ಕಾಯಬೇಕು.

ಪಿನ್ ಸರಿಯಾಗಿದ್ದೂ ಒಪ್ಪದಿದ್ದರೆ ಮೊದಲು ಬಲಬದಿಯ ಅಂಕಿ ಕೀಗಳನ್ನು ಆನ್ ಮಾಡುವ ನಮ್ ಲಾಕ್ ನೋಡಿ. ಪಾಸ್‌ವರ್ಡ್ ಒಪ್ಪದಿದ್ದರೆ ಪರದೆಯ ಕೆಳಗಿನ ಬಲ ಮೂಲೆಯಲ್ಲಿರುವ ಭಾಷೆಯ ಗುರುತು ನೋಡಿ: ಕನ್ನಡ ಕೀಬೋರ್ಡ್ ಉಳಿದುಕೊಂಡಿದ್ದರೆ ನೀವು ಒತ್ತಿದ್ದೇ ಒಂದು, ಅಲ್ಲಿ ಬಿದ್ದದ್ದೇ ಒಂದು. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಬದಲಾಗುತ್ತದೆ. ಟೈಪ್ ಮಾಡಿದ್ದನ್ನು ನೋಡಲು ಪೆಟ್ಟಿಗೆಯ ಕೊನೆಯ ಕಣ್ಣಿನ ಚಿತ್ರ ಒತ್ತಿ.

ಪಿನ್‌ನಿಂದ ಬರುವ ಇನ್ನೊಂದು ತೊಂದರೆ ನಿಧಾನವಾದದ್ದು: ದಿನವೂ ಅದನ್ನೇ ಬಳಸಿ ಪಾಸ್‌ವರ್ಡ್ ಮರೆತೇಹೋಗುತ್ತದೆ. ತೊಂದರೆ ಬಂದಾಗ ಕನಿಷ್ಠ ಪ್ರೋಗ್ರಾಂಗಳೊಂದಿಗೆ ವಿಂಡೋಸ್ ತೆರೆಯುವ ಸೇಫ್ ಮೋಡ್‌ನಲ್ಲಿ ಪಿನ್ ನಡೆಯದೆ ಪಾಸ್‌ವರ್ಡೇ ಬೇಕಾದೀತು. ಆಗೊಮ್ಮೆ ಈಗೊಮ್ಮೆ ಪಾಸ್‌ವರ್ಡ್‌ನಿಂದಲೇ ಒಳಗೆ ಬನ್ನಿ.

ಮುಖ ತೋರಿಸಿ ಲಾಗಿನ್ ಆಗಲು ಇನ್ಫ್ರಾರೆಡ್ ಕ್ಯಾಮೆರಾ ಬೇಕು, ಸಾಮಾನ್ಯ ವೆಬ್‌ಕ್ಯಾಮ್ ಸಾಲದು. ಬೆರಳಚ್ಚಾದರೆ ಎರಡೂ ಕೈಯ ಒಂದೊಂದು ಬೆರಳು ಸೇರಿಸಿ. ಎರಡೂ ಅನುಕೂಲಕ್ಕೆ ಒಳ್ಳೆಯವೇ, ಆದರೆ ಇವುಗಳ ಹಿಂದೆ ಪಿನ್ ಇದ್ದೇ ಇರುತ್ತದೆ. ಪಿನ್ ದುರ್ಬಲವಾದರೆ ಮುಖ ನೋಡಿ ಏನೂ ಲಾಭವಿಲ್ಲ.

ಎದ್ದು ಹೋದಾಗ

ಕುರ್ಚಿ ಬಿಡುವಾಗ ವಿಂಡೋಸ್ ಕೀ ಜೊತೆ ಎಲ್. ಇದು ಕೈಗೆ ಅಭ್ಯಾಸವಾದರೆ ಬೇರೆಲ್ಲ ಸೆಟ್ಟಿಂಗ್‌ಗಿಂತ ಹೆಚ್ಚು. ಮರೆವಿಗೆಂದು ಸೈನ್-ಇನ್ ಆಪ್ಷನ್ಸ್‌ನಲ್ಲಿ ‘ಇಫ್ ಯೂವ್ ಬಿನ್ ಅವೇ’ ಎಂದು ಶುರುವಾಗುವ ಸಾಲು ಹುಡುಕಿ. ಅದು ‘ನೆವರ್’ ಆಗಿದ್ದರೆ ನಿದ್ದೆಯಿಂದೆದ್ದ ಕಂಪ್ಯೂಟರ್ ಏನನ್ನೂ ಕೇಳದೆ ತೆರೆದುಕೊಳ್ಳುತ್ತದೆ. ಕೆಲವು ಯಂತ್ರಗಳಲ್ಲಿ ‘ವೆನ್ ಪಿಸಿ ವೇಕ್ಸ್ ಅಪ್ ಫ್ರಂ ಸ್ಲೀಪ್’, ಇನ್ನು ಕೆಲವದರಲ್ಲಿ ನಿಮಿಷಗಳ ಪಟ್ಟಿ ಇರುತ್ತದೆ. ‘ಎವ್ರಿ ಟೈಮ್’ ಸಿಕ್ಕರೆ ಅದೇ ಇರಲಿ. ಜೊತೆಗೆ ಅದೇ ಪುಟದಲ್ಲಿ ಲಾಗಿನ್ ಪರದೆಯ ಮೇಲೆ ಇಮೇಲ್ ತೋರಿಸುವ ಸ್ವಿಚ್ ಆಫ್ ಮಾಡಿ. ಫೋನ್ ದೂರವಾದಾಗ ಬ್ಲೂಟೂತ್ ಮೂಲಕ ತಾನೇ ಲಾಕ್ ಆಗುವ ಡೈನಾಮಿಕ್ ಲಾಕ್ ಕೂಡ ಅಲ್ಲೇ ಇದೆ. ಪಕ್ಕದ ಕೋಣೆಗೆ ಹೋದರೂ ಸಿಗ್ನಲ್ ಸಿಗುತ್ತಲೇ ಇರಬಹುದು, ಅದನ್ನೇ ನಂಬಿ ಕೂರಬೇಡಿ.

ಹಿತ್ತಿಲ ಬಾಗಿಲು

ಇಷ್ಟೆಲ್ಲ ಮಾಡಿದರೂ ಡಿಸ್ಕ್ ಎನ್‌ಕ್ರಿಪ್ಟ್ ಆಗಿಲ್ಲದಿದ್ದರೆ, ಅಂದರೆ ಅದರಲ್ಲಿರುವುದು ಕೀ ಇಲ್ಲದೆ ಓದಲಾಗದ ಗುಪ್ತ ರೂಪದಲ್ಲಿ ಇಲ್ಲದಿದ್ದರೆ, ಅದನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಿ ಫೈಲ್‌ಗಳನ್ನೆಲ್ಲ ಓದಬಹುದು. ಪಾಸ್‌ವರ್ಡ್ ಪರದೆ ಅಲ್ಲಿ ಎದುರಾಗುವುದೇ ಇಲ್ಲ.

ಸೆಟ್ಟಿಂಗ್ಸ್‌ನ ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿಯಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಇದೆಯೇ ನೋಡಿ. ನೋಡುವಾಗ ಅಡ್ಮಿನ್ ಖಾತೆಯಲ್ಲಿರಿ. ಕಾಣದಿದ್ದರೆ ಸಿಸ್ಟಂ ಇನ್ಫರ್ಮೇಷನ್ ಪ್ರೋಗ್ರಾಂ ಅನ್ನು ಅಡ್ಮಿನ್ ಆಗಿ ತೆರೆಯಿರಿ, ಪಟ್ಟಿಯ ಕೊನೆಯ ಕಡೆ ಎನ್‌ಕ್ರಿಪ್ಷನ್ ಸಪೋರ್ಟ್ ಎಂಬ ಸಾಲಿನಲ್ಲಿ ಕಾರಣ ಬರೆದಿರುತ್ತದೆ. ಲೋಕಲ್ ಖಾತೆಗಳು (ಮೇಲೆ ಮಾಡಿದಂತೆ ಮೈಕ್ರೋಸಾಫ್ಟ್ ಖಾತೆಯಿಲ್ಲದವು) ಮಾತ್ರ ಇದ್ದರೆ ಈ ರಕ್ಷಣೆ ಪೂರ್ತಿ ಜಾರಿಗೆ ಬರುವುದಿಲ್ಲ. ಒಮ್ಮೆ ಮೈಕ್ರೋಸಾಫ್ಟ್ ಖಾತೆಯಿಂದ ಅಡ್ಮಿನ್ ಆಗಿ ಸೈನ್-ಇನ್ ಆಗಬೇಕು, ಡಿಸ್ಕ್ ತೆರೆಯುವ ತುರ್ತು ಕೀಲಿಯಾದ ರಿಕವರಿ ಕೀ ಆ ಖಾತೆಯಲ್ಲಿ ಸೇರುತ್ತದೆ.

ಆ ಕೀ 48 ಅಂಕಿಯದ್ದು. ಬಯಾಸ್ (ಯಂತ್ರವನ್ನು ಶುರುಮಾಡುವ ಮೂಲ ಪ್ರೋಗ್ರಾಂ) ಅಪ್‌ಡೇಟ್ ಆದಾಗ, ಮದರ್‌ಬೋರ್ಡ್ ಬದಲಾದಾಗ ವಿಂಡೋಸ್ ಶುರುವಾಗುವ ಮೊದಲೇ ನೀಲಿ ಪರದೆ ಬಂದು ಅದನ್ನು ಕೇಳಬಹುದು. ಆ ಕೀ ಇಲ್ಲವಾದರೆ ಡೇಟಾ ಹೋಯಿತೆಂದೇ ಲೆಕ್ಕ, ರಿಪೇರಿಯವರ ಕೈಯಲ್ಲೂ ಏನೂ ಆಗುವುದಿಲ್ಲ. ಅದೇ ಡಿಸ್ಕಿನಲ್ಲಿ ಅದನ್ನು ಉಳಿಸಿಡುವುದೆಂದರೆ ಕೀಲಿಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದಂತೆ. ಕಾಗದಕ್ಕೆ ಇಳಿಸಿ, ಪಕ್ಕದಲ್ಲಿ ಕೀ ಐಡಿಯ (ಕೀ ಜೊತೆಗೇ ಕಾಣುವ ಅದರ ಗುರುತಿನ ಸಂಖ್ಯೆ) ಮೊದಲ 8 ಅಕ್ಷರ ಬರೆಯಿರಿ. ಮನೆಯಲ್ಲಿ ಎರಡು ಮೂರು ಕಂಪ್ಯೂಟರ್ ಇದ್ದರೆ ಯಾವ ಕೀ ಯಾವುದಕ್ಕೆ ಎಂದು ತಾಳೆ ನೋಡಲು ಇರುವ ಗುರುತು ಅದೊಂದೇ.