ಡೀಸೆಲ್ ಕುಡಿಯುತ್ತಿದ್ದ ಕುಲುಮೆ ಹದಕ್ಕೆ ಬಂದದ್ದು

ನಂಜನಗೂಡಿನ ಔಷಧಿ ಕಾರ್ಖಾನೆಯೊಂದರಲ್ಲಿ ತ್ಯಾಜ್ಯ ಸುಡುವ ಕುಲುಮೆ, ಅಂದರೆ ಇನ್ಸಿನರೇಟರ್, ನನ್ನ ಸುಪರ್ದಿಯಲ್ಲಿದೆ. ತ್ಯಾಜ್ಯವನ್ನು ಹಿಂದಿನ ದಿನವೇ ಬೆರೆಸಿ, ಸಣ್ಣ ಚೀಲಗಳಲ್ಲಿ ಉಣಿಸೋಣ ಎಂದಾಗ ಬರ್ನರ್ ಮಾರುವವರು ನಕ್ಕರು. ಇನ್ನೂ ದೊಡ್ಡ ಬರ್ನರ್ ಹಾಕಿಸಿ ಎಂದರು. ಲೆಕ್ಕಪತ್ರದವರು ಬೆರೆಸುವ ಕೂಲಿ ಯಾರ ತಲೆಗೆ ಎಂದು ಕೇಳಿದರು. ಈಗ ಡೀಸೆಲ್ ಬಿಲ್ ನೋಡಿ ಸುಮ್ಮನಿದ್ದಾರೆ.

ಮೊದಲಿನ ಪಾಡು ಕೇಳಿ. ಡಿಸ್ಟಿಲೇಷನ್ (ಬಟ್ಟಿ ಇಳಿಸಿದ ಮೇಲೆ ತಳದಲ್ಲಿ ಉಳಿಯುವ) ಶೇಷದ ಚೀಲ ಬಿದ್ದ ಕೂಡಲೇ ತ್ಯಾಜ್ಯ ಸುಡುವ ಮೊದಲ ಕೋಣೆ ಸಾವಿರ ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು, ಆಮ್ಲಜನಕ ಶೇ 3ಕ್ಕೆ ಇಳಿಯುತ್ತಿತ್ತು, ಕಾರ್ಬನ್ ಮಾನಾಕ್ಸೈಡ್ ಜಿಗಿದು ಮಾಲಿನ್ಯ ನಿಯಂತ್ರಣ ಮಂಡಳಿಯ ಸರ್ವರ್‌ಗೆ ಎಚ್ಚರಿಕೆ ಹೋಗುತ್ತಿತ್ತು. ಬೆನ್ನಿಗೇ ಕೊಳಚೆನೀರು ಶುದ್ಧೀಕರಿಸುವ ಘಟಕದ (ಇಟಿಪಿ) ಒದ್ದೆ ಕೆಸರು ಬಿದ್ದರೆ 700ಕ್ಕೆ ಕುಸಿತ. ಹೊಗೆಯನ್ನು ಮತ್ತೆ ಸುಡುವ ಎರಡನೇ ಕೋಣೆಯನ್ನು 1,100ರಲ್ಲಿ ಹಿಡಿದಿಡಲು ಗಂಟೆಗೆ ನಲವತ್ತು ಲೀಟರ್‌ನಷ್ಟು ಡೀಸೆಲ್ ಸುಡುತ್ತಿತ್ತು. ಈ ಏರಿಳಿತಕ್ಕೆ ಒಳಗೋಡೆಯ ಇಟ್ಟಿಗೆಗಳು ಸಿಡಿದವು. ಅದರ ರಿಪೇರಿಗೇ ಆರೇಳು ಲಕ್ಷ ಹೋಯಿತು.

ಮಂಡ್ಯದ ಆಲೆಮನೆಯಲ್ಲಿ ಒಲೆಗೆ ಕಬ್ಬಿನ ಸಿಪ್ಪೆ ಹಾಕುವವನು ಹೊರೆಯನ್ನು ಸುರಿಯುವುದಿಲ್ಲ, ಹಿಡಿ ಹಿಡಿಯಾಗಿ ತಳ್ಳುತ್ತಾನೆ. ನಾನು ಹಿಡಿದದ್ದು ಅದೇ ದಾರಿ. ತ್ಯಾಜ್ಯದ ಪ್ರತಿ ಲಾಟಿನ (ಕಂತಿನ) ಶಾಖಮೌಲ್ಯ, ತೇವ, ಕ್ಲೋರಿನ್ ನೋಡಿ, ಕೆಜಿಗೆ 3,000 ಕಿಲೋಕ್ಯಾಲೊರಿಯ ಆಸುಪಾಸಿಗೆ, ಕ್ಲೋರಿನ್ ಶೇ 1ರ ಒಳಗೆ ಬರುವಂತೆ ಬೆರೆಸುತ್ತೇವೆ. ಮೂರ್ನಾಲ್ಕು ಕೆಜಿಯ ಚೀಲ, ಮೂರು ನಿಮಿಷಕ್ಕೊಂದು. ಎರಡನೇ ಕೋಣೆ 1,100ರ ಕೆಳಗಿದ್ದರೆ ಬಾಗಿಲೇ ತೆರೆಯುವುದಿಲ್ಲ. ಆ ತಡೆಯನ್ನು (ಇಂಟರ್‌ಲಾಕ್) ತಪ್ಪಿಸುವ ಕೀಲಿ ಪಾಳಿಯವರ ಕೈಗೆ ಸಿಗದಂತೆ ನನ್ನಲ್ಲೇ ಇದೆ. ಯಾವುದನ್ನು ಮೊದಲು, ಯಾವುದನ್ನು ಕೊನೆಗೆ ಬೆರೆಸಬೇಕೆಂಬುದು ನನ್ನ ಅನ್ನದ ಗುಟ್ಟು, ಬರೆಯುವುದಿಲ್ಲ. ಇದೊಂದನ್ನು ಮಾತ್ರ ಮುಚ್ಚಿಡಲಾರೆ: ಪ್ರಯೋಗಾಲಯದಲ್ಲಿ ಹತ್ತಿಪ್ಪತ್ತು ಗ್ರಾಂ ಬೆರೆಸಿ, ಬಿಸಿಯೇರುತ್ತದೆಯೇ, ಅನಿಲ ಬಿಡುತ್ತದೆಯೇ ಎಂದು ನೋಡದೆ ಡ್ರಮ್ಮಿಗೆ ಕೈ ಹಾಕಬೇಡಿ. ನೈಟ್ರೇಟ್, ಪೆರಾಕ್ಸೈಡ್‌ಗಳು ದ್ರಾವಕದ ಹತ್ತಿರವೂ ಸುಳಿಯಕೂಡದು.

ಹೊಗೆಯ ಬಿಸಿಯಿಂದ ಹಬೆ ತೆಗೆಯಿರಿ ಎಂದು ಸಲಹೆಗಾರರೊಬ್ಬರು ಮಾಲೀಕರಿಗೆ ಬಾಯ್ಲರ್ ಆಸೆ ಹುಟ್ಟಿಸಿದ್ದರು. ನಾನು ಒಪ್ಪಲಿಲ್ಲ. 450ರಿಂದ 200 ಡಿಗ್ರಿಯ ನಡುವೆ ಹೊಗೆ ತಡೆದು ನಿಂತರೆ, ಸುಟ್ಟುಹೋದ ಡಯಾಕ್ಸಿನ್ ಎಂಬ ವಿಷ ಮತ್ತೆ ಹುಟ್ಟುತ್ತದೆ. ಹಾರುಬೂದಿಯಲ್ಲಿ ತಾಮ್ರವಿದ್ದರಂತೂ ಇನ್ನೂ ಬೇಗ. ನೀರು ಚಿಮ್ಮಿಸಿ ಒಂದೇ ಏಟಿಗೆ ತಣಿಸುವುದೇ ಸರಿ. ಡಯಾಕ್ಸಿನ್‌ಗೆ ಹೊಗೆಯ ಘನ ಮೀಟರಿಗೆ 0.1 ನ್ಯಾನೊಗ್ರಾಂ ಮಿತಿ. ಕಳೆದ ಪರೀಕ್ಷೆಯಲ್ಲಿ ನಮ್ಮದು ಅದರ ಅರ್ಧವೂ ಇರಲಿಲ್ಲ.

ನಡುವೆ ಇನ್ನೊಂದು ಹುಚ್ಚು. ಡಾಂಬರಿನಂಥ ಅಂಟು ಶೇಷವನ್ನು ಹೀರಿಸಲು ಭತ್ತದ ಹೊಟ್ಟು ಬಳಸಿದೆವು. ಅದರ ಸಿಲಿಕಾ ನಮ್ಮ ಸೋಡಿಯಂ ಉಪ್ಪಿನೊಡನೆ ಕರಗಿ ಗಾಜಾಗಿ ಇಟ್ಟಿಗೆಗೆ ಕಚ್ಚಿತು, ಕೆತ್ತಿ ತೆಗೆಯಬೇಕಾಯಿತು. ಕಬ್ಬಿನ ಸಿಪ್ಪೆಯ ಪುಡಿ ಚೆನ್ನಾಗಿ ಹೀರಿತು, ಬೂದಿಯೂ ಕಡಿಮೆ. ಸಕ್ಕರೆ ಕಾರ್ಖಾನೆ ನಿಂತಿರುವ ತಿಂಗಳುಗಳಿಗೆ ಮೊದಲೇ ತಂದು ಒಣಗಿಸಿಟ್ಟುಕೊಳ್ಳಬೇಕು, ಅಷ್ಟೆ.

ಈಗ ಡೀಸೆಲ್ ಗಂಟೆಗೆ ಇಪ್ಪತ್ತರ ಮೇಲೆ ಸ್ವಲ್ಪ. ಒಳಗೋಡೆ ಮುಟ್ಟಿ ವರ್ಷ ದಾಟಿದೆ. ಸಿಮೆಂಟ್ ಗೂಡಿಗೆ ಕಳಿಸಿಬಿಡಿ ಎನ್ನುವವರು ಈಗಲೂ ಇದ್ದಾರೆ. ಅಲ್ಲಿನ ಜ್ವಾಲೆ 2,000 ಡಿಗ್ರಿ ಮುಟ್ಟುತ್ತದೆ, ಬೂದಿಯೂ ಸಿಮೆಂಟಿಗೆ ಅರೆಯುವ ಗಟ್ಟಿಯಲ್ಲೇ (ಕ್ಲಿಂಕರ್) ಸೇರಿಹೋಗುತ್ತದೆ, ಒಪ್ಪುತ್ತೇನೆ. ಆದರೆ ಕ್ಲೋರಿನ್ ಹೆಚ್ಚಿರುವ ಲಾಟುಗಳನ್ನು ಅವರು ಮುಟ್ಟುವುದಿಲ್ಲ, ಉಳಿದದ್ದಕ್ಕೆ ಕಲಬುರಗಿಯವರೆಗಿನ ಲಾರಿ ಬಾಡಿಗೆ ನಮ್ಮದೇ.