ಚೆಂಡು ಕೈಬಿಡುವ ಮೊದಲಿನ ಎರಡೂವರೆ ಸೆಕೆಂಡು

2023ರ ಸೆಪ್ಟೆಂಬರ್ 10, ಭಾನುವಾರ. ಅಮೆರಿಕನ್ ಫುಟ್‌ಬಾಲ್ ಆಡುವ ನಮ್ಮ ಹ್ಯೂಸ್ಟನ್ ಟೆಕ್ಸನ್ಸ್ ತಂಡ ಬಾಲ್ಟಿಮೋರ್‌ಗೆ ಹೋಗಿ 25–9ರಲ್ಲಿ ಸೋತಿತು. ಚೆಂಡು ಎಸೆಯುವ ನಮ್ಮ ಹೊಸ ಕ್ವಾರ್ಟರ್‌ಬ್ಯಾಕ್ ಸಿ.ಜೆ. ಸ್ಟ್ರೌಡ್ ಅವರಿಗೆ ಅದು ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಮೊದಲ ಪಂದ್ಯ. 44 ಬಾರಿ ಎಸೆದು 28 ಸಲ ಗುರಿ ಮುಟ್ಟಿಸಿದ್ದರು, 242 ಗಜ ಗಳಿಸಿದ್ದರು. ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ಗಳಿಸುವ ಟಚ್‌ಡೌನ್ ಮಾತ್ರ ಒಂದೂ ಇಲ್ಲ. ಐದು ಸಲ ಎದುರಾಳಿಗಳ ಕೈಗೆ ಸಿಕ್ಕಿ ನೆಲಕ್ಕೆ ಬಿದ್ದಿದ್ದರು. ಪಂದ್ಯ ನೋಡಲು ನಮ್ಮ ಮನೆಯಲ್ಲಿ ಸೇರಿದ್ದ ಗೆಳೆಯರು ಊಟದ ತಟ್ಟೆ ಎತ್ತುವ ಮುನ್ನವೇ ತೀರ್ಪು ಕೊಟ್ಟಾಗಿತ್ತು: ಇವನೂ ಆಗುವುದಿಲ್ಲ. ಅಣ್ಣನ ಮಗ ನನ್ನ ಕಡೆ ತಿರುಗಿ, "ಚಿಕ್ಕಪ್ಪ, ನೀವು ಏನೂ ಹೇಳಲಿಲ್ಲವಲ್ಲ?" ಎಂದ.

"ಇನ್ನೂ ನೋಡಿಲ್ಲ," ಎಂದೆ. ಮೂರು ಗಂಟೆ ಅವನ ಪಕ್ಕದಲ್ಲೇ ಕುಳಿತಿದ್ದ ನನ್ನಿಂದ ಈ ಮಾತು ಕೇಳಿ ಅವನಿಗೆ ಆಶ್ಚರ್ಯವಾಯಿತು.

ನಾನು ಹೇಳಿದ್ದು ನಿಜವೇ. ಟಿವಿಯ ಕ್ಯಾಮೆರಾ ಚೆಂಡಿನ ಬೆನ್ನು ಹತ್ತುತ್ತದೆ. ಆದರೆ ಕ್ವಾರ್ಟರ್‌ಬ್ಯಾಕ್‌ನ ಪರೀಕ್ಷೆ ನಡೆಯುವುದು ಚೆಂಡು ಹೊರಡುವ ಮೊದಲು, ಮತ್ತು ಚೆಂಡು ಹೋಗದೇ ಉಳಿದ ಜಾಗಗಳಲ್ಲಿ. ಆ ಹೊತ್ತಿಗೆ ಚೆಂಡು ಹಿಡಿಯಬೇಕಾದ ಯಾವ ರಿಸೀವರ್ ಎಲ್ಲಿದ್ದ, ಯಾರು ಖಾಲಿ ಬಿದ್ದಿದ್ದ, ಎದುರಾಳಿಯ ಕಡೆ ಕೊನೆಯಲ್ಲಿ ಕಾವಲು ನಿಂತ ಸೇಫ್ಟಿಗಳು ಒಬ್ಬರೋ ಇಬ್ಬರೋ, ಇದ್ಯಾವುದೂ ಟಿವಿಯಲ್ಲಿ ಪೂರ್ತಿ ಕಾಣುವುದಿಲ್ಲ. ಇಪ್ಪತ್ತೆರಡೂ ಆಟಗಾರರು ಒಂದೇ ಚೌಕಟ್ಟಿನಲ್ಲಿ ಕಾಣುವಂತೆ ಎತ್ತರದಿಂದ ತೆಗೆದ ಚಿತ್ರಣವನ್ನು ಪಂದ್ಯ ಮುಗಿದ ಮೇಲೆ ಲೀಗ್ ತನ್ನ ಚಂದಾದಾರರಿಗೆ ಕೊಡುತ್ತದೆ. ಮಂಗಳವಾರ ರಾತ್ರಿ ಕೆಲಸವೆಲ್ಲ ಮುಗಿಸಿ ಅದನ್ನು ಹಾಕಿಕೊಂಡು, ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೊಂಡು ಕುಳಿತುಕೊಳ್ಳುತ್ತೇನೆ. ನನ್ನ ಮಟ್ಟಿಗೆ ಪಂದ್ಯ ಶುರುವಾಗುವುದೇ ಆಗ.

ಈ ರೂಢಿ ಬಂದದ್ದು ಮೈಸೂರಿನಿಂದ. ಕಾಲೇಜು ದಿನಗಳಲ್ಲಿ ಕ್ಲಬ್ ಕ್ರಿಕೆಟ್ ಪಂದ್ಯಗಳಿಗೆ ಸ್ಕೋರ್ ಬರೆಯುತ್ತಿದ್ದೆ. ಬ್ಯಾಟಿನ ಅಂಚು ಸವರಿ ಸ್ಲಿಪ್ ನಡುವೆ ನುಸುಳಿ ಹೋದ ನಾಲ್ಕು ರನ್ನೂ, ಕಾಲು ಮುಂದಿಟ್ಟು ಕವರ್ ಕಡೆ ಹೊಡೆದ ನಾಲ್ಕು ರನ್ನೂ ಪುಸ್ತಕದಲ್ಲಿ ಒಂದೇ ಅಂಕಿ. ಹುಡುಗನೊಬ್ಬ ಮೊದಲ ಪಂದ್ಯದಲ್ಲಿ ನಲವತ್ತು ಹೊಡೆದರೆ ಆ ನಲವತ್ತು ಎಂಥದ್ದು ಎಂದು ತಿಳಿಯಲು ನಾನು ಪುಟದ ಅಂಚಿನಲ್ಲಿ ಪೆನ್ಸಿಲ್‌ನಿಂದ ಬೇರೆ ಗುರುತುಗಳನ್ನು ಹಾಕಿಕೊಳ್ಳುತ್ತಿದ್ದೆ. ಹ್ಯೂಸ್ಟನ್‌ಗೆ ಬಂದು ಈ ಆಟಕ್ಕೆ ಮನಸೋತ ಮೇಲೆ ಅದೇ ಪೆನ್ಸಿಲ್ ಮುಂದುವರಿಯಿತು.

ಆಟ ಗೊತ್ತಿಲ್ಲದವರಿಗಾಗಿ ಇಷ್ಟು ಹೇಳಬೇಕು. ಚೆಂಡು ಹಿಡಿದ ತಂಡ ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಹೋಗಬೇಕು; ಒಂದೊಂದು ಯತ್ನವೂ ಒಂದು ಡೌನ್. ಬಹುತೇಕ ಡೌನ್‌ಗಳಲ್ಲಿ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್‌ನ ಕೈಗೆ. ಎಸೆಯಬೇಕಾದಾಗ ಅವನಿಗೆ ಸಿಗುವುದು ಹೆಚ್ಚು ಕಡಿಮೆ ಎರಡೂವರೆ ಸೆಕೆಂಡು. ಅಷ್ಟರೊಳಗೆ ಎಸೆಯದಿದ್ದರೆ ಮುನ್ನೂರು ಪೌಂಡ್ ತೂಕದವರು ಮೈಮೇಲೆ ಬಂದಿರುತ್ತಾರೆ. ಚೆಂಡು ಕೈಯಲ್ಲಿರುವಾಗಲೇ ಅವನನ್ನು ಆ ಡೌನ್ ಶುರುವಾದ ಗೆರೆಯ ಹಿಂದೆ ಕೆಡವಿದರೆ ಸ್ಯಾಕ್. ಅವನು ಎಸೆದದ್ದನ್ನು ಎದುರಾಳಿ ಹಿಡಿದರೆ ಇಂಟರ್‌ಸೆಪ್ಶನ್.

ನನ್ನ ನೋಟ್‌ಬುಕ್‌ನಲ್ಲಿ ಒಂದು ಎಸೆತಕ್ಕೆ ಒಂದು ಸಾಲು. ಎಡದಿಂದ ಡೌನ್, ಬೇಕಾದ ಗಜ, ಹಿಂದೆ ನಿಂತ ಸೇಫ್ಟಿಗಳ ಸಂಖ್ಯೆ, ನುಗ್ಗಿ ಬಂದವರ ಸಂಖ್ಯೆ. ಆಮೇಲೆ ಅವನ ಕಣ್ಣು ಮೊದಲು ಎಲ್ಲಿ ಹೋಯಿತು, ಅಲ್ಲಿ ದಾರಿ ಮುಚ್ಚಿದ್ದರೆ ಎರಡನೆಯವನ ಕಡೆ ತಿರುಗಿತೋ ಇಲ್ಲವೋ, ಕಣ್ಣಿನ ಜೊತೆ ಪಾದವೂ ತಿರುಗಿತೋ, ಚೆಂಡು ಕೈಬಿಡಲು ಎಷ್ಟು ಹೊತ್ತು ಹಿಡಿಯಿತು. ಈ ಹೊತ್ತನ್ನು ಮೊಬೈಲ್‌ನ ಸ್ಟಾಪ್‌ವಾಚ್‌ನಲ್ಲಿ ಅಳೆಯುತ್ತೇನೆ. ಒಂದೇ ಎಸೆತವನ್ನು ಎರಡು ಮೂರು ಸಲ ಅಳೆದು ನಡುವಿನದನ್ನು ಬರೆದುಕೊಳ್ಳುತ್ತೇನೆ. ಫಲಿತಾಂಶದ ಕಲಂ ಇರುವುದು ಕೊನೆಗೆ, ಬಲ ತುದಿಯಲ್ಲಿ. ಚೆಂಡು ಬೆರಳು ಬಿಟ್ಟ ಕ್ಷಣಕ್ಕೆ ಚಿತ್ರ ನಿಲ್ಲಿಸಿ, ಉಳಿದೆಲ್ಲ ಕಲಂ ತುಂಬಿ, ಆಮೇಲೆ ಮುಂದೆ ಓಡಿಸುತ್ತೇನೆ. ಫಲಿತಾಂಶ ಮೊದಲೇ ಗೊತ್ತಿದ್ದರೆ ಕಣ್ಣು ಅದಕ್ಕೆ ತಕ್ಕ ಕಾರಣ ಹುಡುಕತೊಡಗುತ್ತದೆ. ಪಾಸ್ ಹಿಡಿದರೆ ಪಾದವೂ ಸರಿಯಾಗಿಯೇ ಇತ್ತು ಎನಿಸುತ್ತದೆ.

ಹೊರಗಿನವರಾದ ನಮಗೆ ತರಬೇತುದಾರ ಹೇಳಿಕೊಟ್ಟ ಆಟ, ಅಂದರೆ ಆ ಡೌನ್‌ಗೆ ಹಾಕಿಕೊಂಡ ಯೋಜನೆ, ಯಾವುದು ಎಂದು ಗೊತ್ತಿರುವುದಿಲ್ಲ. ರಿಸೀವರ್ ತಪ್ಪು ದಾರಿಯಲ್ಲಿ ಓಡಿದನೋ, ಎಸೆದವನೇ ತಪ್ಪಿದನೋ ಎಂದು ತೀರ್ಮಾನಿಸಲು ಆಗದ ಎಸೆತಗಳು ಪ್ರತಿ ಪಂದ್ಯದಲ್ಲೂ ಇರುತ್ತವೆ. ಅವಕ್ಕೆ ಪ್ರಶ್ನೆ ಚಿಹ್ನೆ ಹಾಕಿ ಲೆಕ್ಕದಿಂದ ಹೊರಗಿಡುತ್ತೇನೆ. ಮೊದಲ ಹದಿನೈದು ಆಟಗಳ ಕೆಳಗೆ ಒಂದು ಗೆರೆಯನ್ನೂ ಎಳೆಯುತ್ತೇನೆ. ಪಂದ್ಯದ ಆರಂಭದ ಆಟಗಳನ್ನು ಬಹಳಷ್ಟು ತಂಡಗಳು ವಾರದಲ್ಲೇ ಬರೆದಿಟ್ಟು ಅಭ್ಯಾಸ ಮಾಡಿಸಿರುತ್ತವೆ. ಅಲ್ಲಿ ಹೊಸಬ ಚೆನ್ನಾಗಿ ಕಂಡರೆ ಅರ್ಧ ಶ್ರೇಯ ಬರೆದವರಿಗೆ ಸಲ್ಲಬೇಕು. ಗೆರೆಯ ಕೆಳಗಿನದು ಅವನದೇ.

ಆ ಮಂಗಳವಾರ ಸ್ಟ್ರೌಡ್ ಅವರ ಪುಟ ತುಂಬುತ್ತಾ ಹೋದಂತೆ ನನ್ನ ಎದೆ ಹಗುರವಾಯಿತು. ಮೊದಲ ರಿಸೀವರ್‌ಗೆ ದಾರಿ ಮುಚ್ಚಿದಾಗ ಕಣ್ಣು ಎರಡನೆಯವನತ್ತ ಹೋಗುತ್ತಿತ್ತು, ಎಡಪಾದ ಅದೇ ದಿಕ್ಕಿಗೆ ಹೊರಳಿ ನೆಲ ಹಿಡಿಯುತ್ತಿತ್ತು. ಓಡುತ್ತಿರುವವನು ಇನ್ನೂ ಬೆನ್ನು ತೋರಿಸುತ್ತಿರುವಾಗಲೇ ಚೆಂಡು ಕೈಬಿಟ್ಟಾಗಿರುತ್ತಿತ್ತು; ಅವನು ತಿರುಗುವ ಹೊತ್ತಿಗೆ ಎದೆಯ ಎತ್ತರಕ್ಕೆ ಬಂದಿರುತ್ತಿತ್ತು. ಅದರಲ್ಲೂ ಇದೆಲ್ಲ ಗೆರೆಯ ಕೆಳಗಿನ ಸಾಲುಗಳಲ್ಲೇ ಹೆಚ್ಚಾಗಿತ್ತು. ಬುಧವಾರ ಬೆಳಿಗ್ಗೆ ಅಣ್ಣನ ಮಗನಿಗೆ ಫೋನ್ ಮಾಡಿ, "ಈ ಹುಡುಗನ ಕಾಲು ನೋಡು, ಅಂಕಿ ನೋಡಬೇಡ," ಎಂದೆ.

ಮುಂದಿನ ವಾರ ಇಂಡಿಯಾನಾಪೊಲಿಸ್ ಕೋಲ್ಟ್ಸ್ ವಿರುದ್ಧ 31–20ರ ಸೋಲು. 384 ಗಜ, ಎರಡು ಟಚ್‌ಡೌನ್. ಭಾನುವಾರ ಬೈದಿದ್ದ ಗೆಳೆಯರೇ ಈ ಸಲ ಹೊಗಳಿದರು. ಆದರೆ ನಾನು ಆ 384ನ್ನು ಅಷ್ಟಾಗಿ ನೆಚ್ಚಲಿಲ್ಲ. ತಂಡ ಬಹಳ ಹೊತ್ತು ಹಿಂದೆ ಬಿದ್ದಿದ್ದ ಪಂದ್ಯ ಅದು. ಮುಂದಿರುವವರು ಗಡಿಯಾರ ಓಡಲಿ ಎಂದು ಸಣ್ಣ ಪಾಸ್‌ಗಳನ್ನು ಬಿಟ್ಟುಕೊಡುತ್ತಾರೆ, ಗಜಗಳು ಸುಲಭವಾಗಿ ಸೇರುತ್ತವೆ. ನನಗೆ ಮುಖ್ಯವಾಗಿ ಕಂಡದ್ದು ಆರು ಸ್ಯಾಕ್‌ಗಳು. ಎರಡು ಪಂದ್ಯಗಳಲ್ಲಿ ಹನ್ನೊಂದು ಸಲ ನೆಲ ಕಂಡ ಹೊಸಬರು ಮೂರನೇ ವಾರದಿಂದ ಅವಸರಕ್ಕೆ ಬೀಳುತ್ತಾರೆ. ಯಾರೂ ಹತ್ತಿರ ಬಾರದಿದ್ದರೂ ಕಣ್ಣು ರಿಸೀವರ್‌ಗಳನ್ನು ಬಿಟ್ಟು ಎದುರಿನಿಂದ ನುಗ್ಗುವವರ ಕಡೆ ಇಳಿಯುತ್ತದೆ. ಅದು ಒಮ್ಮೆ ಬಂತೆಂದರೆ ಬಿಡಿಸುವುದು ಕಷ್ಟ. ಹಾಗಾಗಿ ಮೂರನೇ ಪಂದ್ಯದಲ್ಲಿ ಇದೊಂದನ್ನೇ ನೋಡಿದೆ. ಕಣ್ಣು ಇಳಿದಿರಲಿಲ್ಲ. ಜಾಕ್ಸನ್‌ವಿಲ್‌ನಲ್ಲಿ 37–17, ಆಮೇಲೆ ಪಿಟ್ಸ್‌ಬರ್ಗ್ ವಿರುದ್ಧ 30–6, ಎರಡೂ ಗೆಲುವು. ಎಡತುದಿಯ ಕಾವಲುಗಾರ ಲಾರೆಮಿ ಟನ್ಸಿಲ್ ಗಾಯಗೊಂಡು ಹೊರಗಿದ್ದರೂ ಪಿಟ್ಸ್‌ಬರ್ಗ್‌ಗೆ ಒಂದು ಸ್ಯಾಕ್ ಕೂಡ ಸಿಗಲಿಲ್ಲ.

ಅದೇ ನೋಟ್‌ಬುಕ್‌ನ ಇನ್ನರ್ಧದಲ್ಲಿ ಬ್ರೈಸ್ ಯಂಗ್ ಇದ್ದರು. ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಆ ವರ್ಷ ಮೊದಲು ಆಯ್ಕೆಯಾದವರು ಅವರು, ಸ್ಟ್ರೌಡ್ ಎರಡನೆಯವರು. ಯಂಗ್ ಅವರನ್ನು ಪಡೆಯಲು ಕ್ಯಾರೊಲೈನಾ ತಂಡ ಷಿಕಾಗೊಗೆ ಮುಂದಿನ ಆಯ್ಕೆಗಳ ಜೊತೆಗೆ ತನ್ನ ಉತ್ತಮ ರಿಸೀವರ್ ಡಿ.ಜೆ. ಮೂರ್ ಅವರನ್ನೂ ಬಿಟ್ಟುಕೊಟ್ಟಿತ್ತು. ಎಸೆಯುವವನನ್ನು ತಂದು ಹಿಡಿಯುವವನನ್ನು ಕಳಿಸಿದಂತಾಯಿತು. ವರ್ಷದ ಕೊನೆಗೆ 62 ಸ್ಯಾಕ್, 11 ಟಚ್‌ಡೌನ್, 10 ಇಂಟರ್‌ಸೆಪ್ಶನ್; ನವೆಂಬರ್‌ನಲ್ಲೇ ಮುಖ್ಯ ತರಬೇತುದಾರರೂ ಹೊರಟಿದ್ದರು. ಯಂಗ್ ಅವರ ಸಾಲುಗಳಲ್ಲಿ ಪ್ರಶ್ನೆ ಚಿಹ್ನೆಗಳೇ ತುಂಬಿವೆ. ಕಣ್ಣು ಮೂರನೆಯವನವರೆಗೂ ಹೋಗಿದೆ, ಅಲ್ಲಿಯೂ ಯಾರೂ ಬಿಡುವಾಗಿಲ್ಲ, ಅಷ್ಟರಲ್ಲಿ ಅವರನ್ನು ಕಾಯಬೇಕಾದ ಮುಂದಿನ ಸಾಲು, ಲೈನ್, ಕುಸಿದಿದೆ. ಇಂಥ ಪುಟದಿಂದ ಆಟಗಾರನ ಬಗ್ಗೆ ಏನನ್ನೂ ತೀರ್ಮಾನಿಸಲಾಗದು ಎಂದೇ ಬರೆದಿಟ್ಟೆ. "ಸ್ಟ್ರೌಡ್ ಗೆದ್ದರು, ಯಂಗ್ ಸೋತರು" ಎಂದು ಎಲ್ಲರೂ ಹೇಳುತ್ತಿದ್ದಾಗ ಹಾಗೆ ಬರೆಯುವುದು ನನಗೂ ಸುಲಭವಾಗಿರಲಿಲ್ಲ.

ಮೊದಲ ದಿನದ ಅಂಕಿ ಎಷ್ಟು ಮೋಸ ಮಾಡಬಲ್ಲದು ಎಂಬುದಕ್ಕೆ 2015ರ ಸೆಪ್ಟೆಂಬರ್ 13ನ್ನು ನಾನು ಮರೆಯುವುದಿಲ್ಲ. ಆ ವರ್ಷದ ಮೊದಲ ಮತ್ತು ಎರಡನೇ ಆಯ್ಕೆಗಳಾದ ಜೇಮಿಸ್ ವಿನ್‌ಸ್ಟನ್ ಮತ್ತು ಮಾರ್ಕಸ್ ಮಾರಿಯೋಟಾ ಮೊದಲ ಪಂದ್ಯದಲ್ಲೇ ಎದುರಾದರು. ವಿನ್‌ಸ್ಟನ್ ಅವರ ಮೊಟ್ಟಮೊದಲ ಪಾಸನ್ನೇ ಎದುರಾಳಿ ಹಿಡಿದು ಟಚ್‌ಡೌನ್‌ಗೆ ಓಡಿದ. ಮಾರಿಯೋಟಾ ನಾಲ್ಕು ಟಚ್‌ಡೌನ್ ಎಸೆದು ಎಸೆಯುವವನನ್ನು ಒಂದೇ ಅಂಕಿಯಲ್ಲಿ ಅಳೆಯುವ ಪಾಸರ್ ರೇಟಿಂಗ್‌ನಲ್ಲಿ 158.3 ಪಡೆದರು. ಆ ಅಳತೆಯಲ್ಲಿ ಅದಕ್ಕಿಂತ ಮೇಲೆ ಅಂಕಿಯೇ ಇಲ್ಲ. 2019ರಲ್ಲಿ ಅದೇ ಮಾರಿಯೋಟಾ ಋತುವಿನ ನಡುವೆ ಜಾಗ ಕಳೆದುಕೊಂಡರು. ಇನ್ನೊಂದು ಕಡೆ ಪೇಟನ್ ಮ್ಯಾನಿಂಗ್ 1998ರ ತಮ್ಮ ಮೊದಲ ವರ್ಷ 28 ಇಂಟರ್‌ಸೆಪ್ಶನ್ ಎಸೆದು ಹೊಸಬರ ದಾಖಲೆಯನ್ನೇ ಮಾಡಿದರು, ತಂಡ ಮೂರು ಪಂದ್ಯ ಗೆದ್ದು ಹದಿಮೂರು ಸೋತಿತು, 3–13. ಮರುವರ್ಷ 13–3.

ಪಾಸರ್ ರೇಟಿಂಗ್‌ನಲ್ಲಿ ಸ್ಯಾಕ್ ಲೆಕ್ಕಕ್ಕೇ ಬರುವುದಿಲ್ಲ. ಇದು ದೊಡ್ಡ ಕೊರತೆ. 2024ರಲ್ಲಿ ಷಿಕಾಗೊದ ಕೇಲೆಬ್ ವಿಲಿಯಮ್ಸ್ ಸತತ 353 ಪಾಸ್‌ಗಳನ್ನು ಇಂಟರ್‌ಸೆಪ್ಶನ್ ಇಲ್ಲದೆ ಎಸೆದರು, ಇಡೀ ವರ್ಷದಲ್ಲಿ ಆರೇ ಆರು. ಅದೇ ವರ್ಷ 68 ಸಲ ಸ್ಯಾಕ್ ಆದರು. ಜನ ಮೊದಲ ಅಂಕಿಗೆ ಹುಡುಗನನ್ನು ಹೊಗಳಿ ಎರಡನೆಯದಕ್ಕೆ ಲೈನನ್ನು ಬೈಯುತ್ತಿದ್ದರು. ಲೈನ್ ಸೋತದ್ದೂ ಇತ್ತು. ಆದರೆ ಪುಟ ತುಂಬುತ್ತಾ ಹೋದಾಗ ಎರಡಕ್ಕೂ ಒಂದೇ ಬೇರು ಕಂಡಿತು: ಇನ್ನೂ ಒಳ್ಳೆಯ ದಾರಿ ತೆರೆದೀತು ಎಂದು ಚೆಂಡನ್ನು ಹಿಡಿದುಕೊಂಡೇ ಇರುವುದು. ಹಾಗೆ ಹಿಡಿದವನು ಇಂಟರ್‌ಸೆಪ್ಶನ್‌ನಿಂದ ಪಾರಾಗುತ್ತಾನೆ, ಆದರೆ ನೆಲಕ್ಕೆ ಬೀಳುತ್ತಾನೆ.

ಚೆಂಡು ಕೈಬಿಡುವ ಹೊತ್ತು ಎಷ್ಟು ಮುಖ್ಯ ಎಂಬುದನ್ನು ವಿಲಿಯಮ್ಸ್ ಅವರ ಪುಟದಲ್ಲಿ ಕಂಡ ನಾನು ಅದೇ ವರ್ಷ ಡೆನ್ವರ್‌ನ ಬೋ ನಿಕ್ಸ್ ಅವರ ಪುಟದಲ್ಲಿ ಕಾಣದೇ ಹೋದೆ. ಮೊದಲ ಪಂದ್ಯದಲ್ಲಿ 42 ಎಸೆತಕ್ಕೆ 138 ಗಜ. ಮೊದಲ ಮೂರು ಪಂದ್ಯಗಳಲ್ಲಿ ನಾಲ್ಕು ಇಂಟರ್‌ಸೆಪ್ಶನ್, ಟಚ್‌ಡೌನ್ ಪಾಸ್ ಒಂದೂ ಇಲ್ಲ. ನಾಲ್ಕನೆಯದರಲ್ಲಿ ನ್ಯೂಯಾರ್ಕ್ ಜೆಟ್ಸ್ ವಿರುದ್ಧ 10–9ರಲ್ಲಿ ಗೆದ್ದರೂ ಇಡೀ ಪಂದ್ಯಕ್ಕೆ 60 ಗಜ. "ಸಿದ್ಧವಾಗಿಲ್ಲ, ಕೂರಿಸಬೇಕು" ಎಂದು ಬರೆದೆ, ಗೆಳೆಯರಿಗೂ ಹೇಳಿದೆ. ವರ್ಷಾಂತ್ಯಕ್ಕೆ ಅವರು 29 ಟಚ್‌ಡೌನ್ ಎಸೆದಿದ್ದರು. ಡೆನ್ವರ್ ತಂಡ 2015ರ ಋತುವಿನ ನಂತರ ಮೊದಲ ಬಾರಿಗೆ ಪ್ಲೇಆಫ್‌ಗೆ ಹೋಗಿತ್ತು. ನೋಟ್‌ಬುಕ್ ಹಿಂದಕ್ಕೆ ತಿರುವಿದೆ. ಉತ್ತರ ನನ್ನ ಕೈಬರಹದಲ್ಲೇ ಇತ್ತು. ಸ್ಟಾಪ್‌ವಾಚ್‌ನ ಕಲಂ ಸೆಪ್ಟೆಂಬರ್‌ನಿಂದಲೂ ಚೆನ್ನಾಗಿತ್ತು. ಸ್ಯಾಕ್ ಬಹಳ ಕಡಿಮೆ, ಹದಿನೇಳು ಪಂದ್ಯ ಸೇರಿ 24. ನಾನು ಬಲ ತುದಿಯ ಕಲಂ ನೋಡಿ ಬೇಸತ್ತು ಎಡಗಡೆಯದನ್ನು ಓದಿರಲಿಲ್ಲ. ಅಂದಿನಿಂದ ತಿಂಗಳಿಗೊಮ್ಮೆ ಫಲಿತಾಂಶದ ಕಲಂನ ಮೇಲೆ ಮಡಚಿದ ಕಾಗದವಿಟ್ಟು ಉಳಿದದ್ದನ್ನು ಮತ್ತೆ ಓದುತ್ತೇನೆ.

ಒತ್ತಡ ಬಂದಾಗಲೂ ಎಡಗಡೆಯ ಕಲಂಗಳು ಕೆಡದ ಹೊಸಬನನ್ನು ನೋಡಬೇಕೆಂದರೆ ವಾಷಿಂಗ್ಟನ್‌ನ ಜೇಡನ್ ಡೇನಿಯಲ್ಸ್ ಅವರ ಮೂರನೇ ಪಂದ್ಯ ನೋಡಿ. 2024ರ ಸೆಪ್ಟೆಂಬರ್ 23, ಸಿನ್ಸಿನಾಟಿ, ಸೋಮವಾರ ರಾತ್ರಿ. 23ರಲ್ಲಿ 21 ಪಾಸ್ ಮುಟ್ಟಿದವು. ಆದರೆ ನಾನು ಹತ್ತಾರು ಸಲ ಹಿಂದಕ್ಕೋಡಿಸಿ ನೋಡಿದ್ದು ಒಂದನ್ನು ಮಾತ್ರ. ಕೊನೆಯ ಹೊತ್ತು, ಮೂರನೇ ಡೌನ್, ನುಗ್ಗಿ ಬಂದವನು ಎದೆಗೇ ಬಂದಿದ್ದಾನೆ. ಹಿಂದೆ ಸರಿದರೆ ಸ್ಯಾಕ್. ಡೇನಿಯಲ್ಸ್ ನಿಂತಲ್ಲಿಯೇ ನಿಂತು, ಟೆರಿ ಮೆಕ್‌ಲಾರಿನ್ ಮಾತ್ರ ತಲುಪಬಹುದಾದ ಮೂಲೆಗೆ 27 ಗಜ ಎತ್ತಿ ಹಾಕಿ, ಏಟು ತಿಂದು ಬಿದ್ದರು. ಟಚ್‌ಡೌನ್. ಚಿತ್ರ ನಿಲ್ಲಿಸಿದ ಕ್ಷಣದಲ್ಲಿ ಅದು ಟಚ್‌ಡೌನ್ ಎಂಬುದು ಕಾಣುವುದಿಲ್ಲ, ನೆಲ ಕಚ್ಚಿದ ಹಿಂದಿನ ಪಾದ ಕಾಣುತ್ತದೆ.

ಇನ್ನೊಂದು ನಿಯಮ ಇಟ್ಟುಕೊಂಡಿದ್ದೇನೆ. ಮೊದಲ ವರ್ಷದ ಅಭಿಪ್ರಾಯವನ್ನೆಲ್ಲ ಪೆನ್ಸಿಲ್‌ನಲ್ಲೇ ಬರೆಯುತ್ತೇನೆ. ಅದೇ ಎದುರಾಳಿಯನ್ನು ಎರಡನೇ ಸಲ ಎದುರಿಸುವವರೆಗೆ ಪೆನ್ ಮುಟ್ಟುವುದಿಲ್ಲ. ಒಂದೇ ವಿಭಾಗದ ತಂಡಗಳು ವರ್ಷಕ್ಕೆ ಎರಡು ಬಾರಿ ಸೆಣಸುತ್ತವೆ. ಮೊದಲ ಸಲ ಎದುರಾಳಿಗೆ ಹೊಸಬನ ಪರಿಚಯವಿರುವುದಿಲ್ಲ, ಅವನಿಗೂ ಅವರ ಪರಿಚಯವಿರುವುದಿಲ್ಲ. ಎರಡನೇ ಸಲದ ಹೊತ್ತಿಗೆ ಅವರು ಅವನ ಒಂದೊಂದು ಎಸೆತವನ್ನೂ ನೋಡಿ ಬಂದಿರುತ್ತಾರೆ.

ಸ್ಟ್ರೌಡ್ ಅವರ ಎರಡನೇ ಪರೀಕ್ಷೆ 2024ರ ಜನವರಿ 6ರಂದು, ಇಂಡಿಯಾನಾಪೊಲಿಸ್‌ನಲ್ಲಿ, ಆರು ಸಲ ಅವರನ್ನು ಕೆಡವಿದ್ದ ಅದೇ ಕೋಲ್ಟ್ಸ್ ವಿರುದ್ಧ. ಸೋತರೆ ವರ್ಷ ಮುಗಿದಂತೆ. ಹ್ಯೂಸ್ಟನ್‌ನ ಮೊದಲ ಆಟದಲ್ಲೇ ನಿಕೋ ಕಾಲಿನ್ಸ್‌ಗೆ 75 ಗಜದ ಟಚ್‌ಡೌನ್. 26ರಲ್ಲಿ 20 ಪಾಸ್, 264 ಗಜ, 23–19ರ ಗೆಲುವು. ಮಂಗಳವಾರ ಅಣ್ಣನ ಮಗನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಸೆಪ್ಟೆಂಬರ್‌ನ ಪುಟವನ್ನೂ ಜನವರಿಯದನ್ನೂ ಎದುರುಬದುರು ಇಟ್ಟೆ. ಬೆರಳಿಟ್ಟು ಒಂದೊಂದೇ ಸಾಲು ಇಳಿಯುತ್ತಾ ಬಂದ ಅವನು, "ಚಿಕ್ಕಪ್ಪ, ಆಗ ಕಾಯುತ್ತಿದ್ದ ಕಡೆ ಈಗ ಎಸೆದೇಬಿಟ್ಟಿದ್ದಾರೆ," ಎಂದ. ಪೆನ್ ತೆಗೆದುಕೊಟ್ಟೆ, ಅವನೇ ಬರೆದ.

ಮುಂದಿನ ಋತುವಿನಲ್ಲಿ ಸ್ಟ್ರೌಡ್ 52 ಸಲ ಸ್ಯಾಕ್ ಆದರು, ಐದಿದ್ದ ಇಂಟರ್‌ಸೆಪ್ಶನ್ ಹನ್ನೆರಡಕ್ಕೇರಿತು. ಲೈನ್ ಕೆಟ್ಟಿದ್ದು ಎಷ್ಟು, ಕಣ್ಣು ಇಳಿದದ್ದು ಎಷ್ಟು ಎಂದು ಬಿಡಿಸಲು ಆ ಹದಿನೇಳು ಪಂದ್ಯಗಳನ್ನು ಮೊದಲಿನಿಂದ ನೋಡುತ್ತಿದ್ದೇವೆ. ಸ್ಟಾಪ್‌ವಾಚ್ ಈಗ ಅಣ್ಣನ ಮಗನ ಕೈಯಲ್ಲಿದೆ.