ಡಿಸ್ಚಾರ್ಜ್ ದಿನದ ಅರ್ಧ ತಾಸು

ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಹೃದಯ ವಿಭಾಗದಲ್ಲಿ ನಾನು ನರ್ಸ್. ಹದಿನಾಲ್ಕು ವರ್ಷ ಆಯಿತು. ನವಲಗುಂದ, ಕುಂದಗೋಳ, ಮುಂಡರಗಿ, ಸವಣೂರು, ಬ್ಯಾಡಗಿ, ಎಲ್ಲ ಕಡೆಯಿಂದ ಜನ ಬರುತ್ತಾರೆ. "ಗ್ಯಾಸ್ ಆಗೇತಿ ಅಂತ ರಾತ್ರಿ ಸೋಡಾ ಕುಡದ್ನಿರಿ" ಅನ್ನುವವರೇ ಜಾಸ್ತಿ. ಡಾಕ್ಟರು ಮಣಿಕಟ್ಟಿನ ರಕ್ತನಾಳದಿಂದ ತಂತಿ ಹಾಕಿ, ಬ್ಲಾಕ್ ತೆಗೆದು, ಸ್ಟೆಂಟ್ ಕೂಡಿಸುತ್ತಾರೆ. ಮೂರ್ನಾಲ್ಕು ದಿನಕ್ಕೆ ಮನೆಗೆ. ಆ ಮೂರ್ನಾಲ್ಕು ದಿನ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತೇವೆ. ಆಮೇಲಿನ ಒಂದು ವರ್ಷ ಯಾರು ನೋಡಬೇಕು?

ಈ ಪ್ರಶ್ನೆ ನನ್ನ ತಲೆಗೆ ಹತ್ತಿದ್ದು ಗದಗ ಕಡೆಯ ಒಬ್ಬ ರೈತರಿಂದ. ಸ್ಟೆಂಟ್ ಹಾಕಿಸಿಕೊಂಡು ಎರಡು ತಿಂಗಳಿಗೆ ಅದೇ ಎದೆನೋವು ಹೊತ್ತುಕೊಂಡು ಮತ್ತೆ ಬಂದರು. ಸ್ಟೆಂಟಿನ ಒಳಗೇ ರಕ್ತ ಹೆಪ್ಪುಗಟ್ಟಿತ್ತು. ವಿಚಾರಿಸಿದರೆ, ಊರಿನ ಔಷಧಿ ಅಂಗಡಿಯವರು ಅದೇ ಗುಳಿಗೆಯನ್ನು ಬೇರೆ ಕಂಪನಿಯದು ಕೊಟ್ಟಿದ್ದರು. ಪಟ್ಟಿಯ ಬಣ್ಣ ಬೇರೆ. "ಇದು ನಮ್ದಲ್ಲ" ಅಂತ ಮನೆಯವರು ತೆಗೆದಿಟ್ಟಿದ್ದರು. ಹನ್ನೆರಡು ದಿನ. ಜೀವ ಉಳಿಯಿತು, ಆದರೆ ಹೃದಯದ ಪಂಪಿಂಗ್ ಶೇಕಡಾ 30ಕ್ಕೆ ಇಳಿದಿತ್ತು. ಗಟ್ಟಿ ಹೃದಯದಲ್ಲಿ ಅದು 55ರ ಮೇಲಿರುತ್ತದೆ. ಅವರನ್ನು ಮೊದಲ ಸಲ ಮನೆಗೆ ಕಳಿಸುವಾಗ ಚೀಟಿ ಕೈಗಿಟ್ಟು "ಗುಳಿಗೆ ತಪ್ಪಿಸಬೇಡಿ" ಅಂದವಳು ನಾನೇ. ಎರಡು ನಿಮಿಷ ಹಿಡಿದಿತ್ತು.

ಈಗ ಅರ್ಧ ತಾಸು ತೆಗೆದಿಡುತ್ತೇನೆ. ಎಷ್ಟೇ ಗಡಿಬಿಡಿ ಇರಲಿ. ಪೇಶಂಟ್ ಜೊತೆ ಇನ್ನಿಬ್ಬರು ಕೂಡಬೇಕು: ಗುಳಿಗೆ ತರುವವರು, ಅಡುಗೆ ಮಾಡುವವರು. ಗುಳಿಗೆ ಯಾಕೆ ಅನ್ನುವುದನ್ನು ಮೊದಲು ಹೇಳುತ್ತೇನೆ. ಸ್ಟೆಂಟ್ ಅಂದರೆ ಲೋಹದ ಸಣ್ಣ ಬಲೆ. ಅದರ ಮೇಲೆ ರಕ್ತನಾಳದ ತೆಳು ಪದರ ಬೆಳೆದು ಮುಚ್ಚಿಕೊಳ್ಳುವ ತನಕ ಅಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಇದ್ದೇ ಇರುತ್ತದೆ. ಅದಕ್ಕೇ ರಕ್ತ ತೆಳು ಮಾಡುವ ಎರಡು ಗುಳಿಗೆ: ಆಸ್ಪಿರಿನ್, ಅದರ ಜೊತೆ ಕ್ಲೊಪಿಡೊಗ್ರೆಲ್ ಇಲ್ಲವೇ ಟಿಕಾಗ್ರೆಲಾರ್. ಹಾರ್ಟ್ ಅಟ್ಯಾಕ್ ಆದವರಿಗೆ ಸಾಮಾನ್ಯವಾಗಿ 12 ತಿಂಗಳು ಎರಡೂ ಬೇಕು. ಟಿಕಾಗ್ರೆಲಾರ್ ದಿನಕ್ಕೆ ಎರಡು ಸಲ, ಹಾಗಾಗಿ ರಾತ್ರಿಯದು ತಪ್ಪುವುದು ಜಾಸ್ತಿ. ಕೆಲವರಿಗೆ ಅದರಿಂದ ಉಸಿರು ಕಟ್ಟಿದಂತೆ ಆಗುತ್ತದೆ. ಆಗ ತಾವೇ ಬಿಡಬಾರದು, ಫೋನ್ ಮಾಡಬೇಕು. ಡಾಕ್ಟರು ಬೇಕಾದರೆ ಬದಲಿಸುತ್ತಾರೆ. ಹಲ್ಲು ಕೀಳಿಸಬೇಕಾದರೂ, ಉಪವಾಸ ಹಿಡಿಯಬೇಕಾದರೂ ಹಾಗೆಯೇ. ಮೊದಲು ಕೇಳಿ.

ಪಟ್ಟಿಯ ಬಣ್ಣ ನೋಡಬೇಡಿ, ಔಷಧಿಯ ಹೆಸರು ನೋಡಿ ಅನ್ನುತ್ತೇನೆ. ಓದಲು ಬಾರದವರಿಗೆ ಬಟ್ಟೆಯ ಎರಡು ಚೀಲ. ಒಂದರ ಮೇಲೆ ಸೂರ್ಯ, ಇನ್ನೊಂದರ ಮೇಲೆ ಚಂದ್ರ. ಕೊನೆಗೆ "ಈಗ ನೀವು ನನಗ ಹೇಳ್ರಿ" ಅಂತ ಕೇಳುತ್ತೇನೆ. ಪೇಶಂಟ್ ತಲೆ ಆಡಿಸಿ ಸುಮ್ನೆ ಕೂತಿರುತ್ತಾರೆ, ಹೆಂಡತಿ ಪಟಪಟ ಹೇಳಿಬಿಡುತ್ತಾರೆ. ಯಾರು ಸರಿ ಹೇಳುತ್ತಾರೋ ಅವರ ಕೈಗೇ ಚೀಲ.

ಊಟದ ವಿಷಯದಲ್ಲಿ ನಾನೂ ಮೊದಲು ತಪ್ಪು ಮಾಡಿದ್ದೆ. "ಪಥ್ಯ ಮಾಡಿ" ಅಂದರೆ ಜನ ರೊಟ್ಟಿ ಬಿಟ್ಟು ಬ್ರೆಡ್ಡು, ಬಿಸ್ಕೀಟು ಹಿಡಿಯುತ್ತಿದ್ದರು. ನಮ್ಮ ಕಡೆ ಜೋಳದ ರೊಟ್ಟಿಗೆ ಬಹಳ ಮನೆಗಳಲ್ಲಿ ಉಪ್ಪೇ ಹಾಕುವುದಿಲ್ಲ. ಬ್ರೆಡ್ಡಿನಲ್ಲಿ ಉಪ್ಪು ಇರುತ್ತದೆ! ಈಗ ರೊಟ್ಟಿ, ಮುದ್ದಿಪಲ್ಯ, ಹೆಸರುಕಾಳು, ಹಸಿ ಸವತಿಕಾಯಿ ಧಾರಾಳ ಉಣ್ಣಿ ಅನ್ನುತ್ತೇನೆ. ಉಪ್ಪಿರುವುದು ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯಲ್ಲಿ. ಇಡೀ ದಿನಕ್ಕೆ ಒಬ್ಬರಿಗೆ ಒಂದು ಟೀ ಚಮಚ, ಅಂದರೆ 5 ಗ್ರಾಂ ಉಪ್ಪು ದಾಟಬಾರದು. ಚಮಚ ಕೈಯಲ್ಲಿ ಹಿಡಿದು ಸೊಸೆಯಂದಿರಿಗೆ ತೋರಿಸುತ್ತೇನೆ. ಮಿರ್ಚಿ ಭಜಿ ಬಿಡಬೇಕು ಅಂದಾಗ ಮುಖ ಸಣ್ಣದಾಗುತ್ತದೆ. ಪಾಪ ಅನಿಸುತ್ತದೆ, ಆದರೂ ಹೇಳುತ್ತೇನೆ. ತಂಬಾಕು, ಬೀಡಿ, ಗುಟ್ಕಾ ಮಾತ್ರ ಪೂರ್ತಿ ಬಂದ್. ಅಲ್ಲಿ ಸ್ವಲ್ಪ, ಜಾಸ್ತಿ ಅನ್ನುವುದಿಲ್ಲ.

ನಡಿಗೆಗೆ ಜನ ಬಹಳ ಹೆದರುತ್ತಾರೆ. ಮೊದಲ ವಾರ ಅಂಗಳದಲ್ಲೇ ಐದು ನಿಮಿಷ, ದಿನಕ್ಕೆ ಎರಡು ಸಲ. ಡಾಕ್ಟರು ನೋಡಿ ಸರಿ ಅಂದ ಮೇಲೆ ನಿಧಾನವಾಗಿ ಅರ್ಧ ತಾಸಿನವರೆಗೆ. ಹುಬ್ಬಳ್ಳಿಯವರಿಗೆ ಉಣಕಲ್ ಕೆರೆಯ ದಂಡೆ, ಗದಗಿನವರಿಗೆ ಭೀಷ್ಮ ಕೆರೆ. ಹಳ್ಳಿಯವರಿಗೆ ಮನೆಯಿಂದ ಬಸವಣ್ಣನ ಗುಡಿ. ನೃಪತುಂಗ ಬೆಟ್ಟದ ಏರು ಇಷ್ಟು ಬೇಗ ಬೇಡ. ನಡೆಯುವಾಗ ಜೊತೆಯವರ ಹತ್ತಿರ ಮಾತಾಡಲು ಬರಬೇಕು. ಮಾತಿಗೆ ಉಸಿರು ಸಾಲದಿದ್ದರೆ ವೇಗ ಜಾಸ್ತಿಯಾಯಿತು ಅಂತ. ಬೈಪಾಸ್ ಆದವರ ಲೆಕ್ಕ ಬೇರೆ. ಎದೆಯ ಮೂಳೆ ಕೂಡಿಕೊಳ್ಳಲು ಎರಡು, ಮೂರು ತಿಂಗಳು ಬೇಕು. ತುಂಬಿದ ಕೊಡ ಎತ್ತುವಂತಿಲ್ಲ, ಬೈಕ್ ಬೇಡ, ಕೆಮ್ಮು ಬಂದರೆ ದಿಂಬು ಎದೆಗೆ ಅವುಚಿಕೊಂಡೇ ಕೆಮ್ಮಬೇಕು.

ಗಂಡ ಹೆಂಡತಿ ಕೂಡುವ ವಿಷಯ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ನಾನೇ ಎತ್ತುತ್ತೇನೆ. ಎದೆನೋವು, ಏದುಸಿರು ಇಲ್ಲದೆ ಎರಡು ಮಹಡಿ ಹತ್ತಲು ಬಂದರೆ ಸಾಮಾನ್ಯವಾಗಿ ಭಯ ಇಲ್ಲ, ಮುಂದಿನ ಭೇಟಿಯಲ್ಲಿ ಡಾಕ್ಟರನ್ನೂ ಕೇಳಿ ಅನ್ನುತ್ತೇನೆ. ಒಬ್ಬ ಹೆಣ್ಣುಮಗಳು ಇದನ್ನು ಕೇಳಿ ಅತ್ತುಬಿಟ್ಟಳು. ಗಂಡನ ಉಸಿರು ನಡೆಯುತ್ತಿದೆಯಾ ಅಂತ ರಾತ್ರಿಯಿಡೀ ಎದ್ದೆದ್ದು ನೋಡುತ್ತಿದ್ದಳಂತೆ. ನಿದ್ದೆ ಕೆಟ್ಟವಳ ಕಡೆ ಯಾರ ಗಮನವೂ ಹೋಗಿರಲಿಲ್ಲ.

ಮತ್ತೆ ಎದೆನೋವು ಬಂದರೆ? ಕೂತುಕೊಂಡು, ಡಾಕ್ಟರು ಬರೆದುಕೊಟ್ಟ ಗುಳಿಗೆ ನಾಲಿಗೆ ಕೆಳಗೆ. ಐದು ನಿಮಿಷಕ್ಕೆ ಇಳಿಯದಿದ್ದರೆ 108. ನಮ್ಮ ಆಸ್ಪತ್ರೆಗೇ ಬರುತ್ತೇನೆ ಅಂತ ಹಟ ಬೇಡ. ಹತ್ತಿರದ ತಾಲೂಕು ಆಸ್ಪತ್ರೆಗೆ ಮೊದಲು ಹೋಗಿ, ಇಸಿಜಿ ಆಗಲಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಸಿಗುತ್ತದೆ. ದಾರಿಯಲ್ಲಿ ಕಳೆಯುವ ಒಂದೊಂದು ನಿಮಿಷಕ್ಕೂ ಹೃದಯದ ಸ್ನಾಯು ಸಾಯುತ್ತಿರುತ್ತದೆ.

ಮೂರನೇ ದಿನ, ಹತ್ತನೇ ದಿನ ನಾನೇ ಫೋನ್ ಮಾಡುತ್ತೇನೆ. ಆಮೇಲೆ ತಿಂಗಳಿಗೊಮ್ಮೆ, ಗುಳಿಗೆ ಮುಗಿಯುವ ಹೊತ್ತಿಗೆ. ಹೋದ ವಾರ ಶಿಗ್ಗಾಂವಿ ಕಡೆಯ ಒಬ್ಬ ಸೊಸೆ ತಾನೇ ಮಾಡಿದಳು.

"ಅಕ್ಕಾರ, ಈ ಸಲ ಪಟ್ಟಿ ಬಣ್ಣ ಬ್ಯಾರೆ ಐತ್ರಿ. ಮಾವಾರಿಗೆ ಕೊಡ್ಲೋ ಬ್ಯಾಡೋ?"

ಫೋಟೋ ಕಳಿಸಲು ಹೇಳಿದೆ. ಕ್ಲೊಪಿಡೊಗ್ರೆಲ್, 75 ಮಿಲಿಗ್ರಾಂ. ಕಂಪನಿ ಮಾತ್ರ ಬೇರೆ.

"ಅದೇ ಐತವ್ವಾ. ಈಗ್ಲೇ ಕೊಡು."